ಜೆಸಿಬಿ ಹೊಂಡ, ಹಳೇ ಗದ್ದೆ, ಅಂಟು ಹಾಕದ ಒಂದು ಎಲ್‌ಬೋ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ ಬೆಳಿಗ್ಗೆ ಹೊಂಡ ನೋಡಲು ಹೋದೆ. ನೀರಿನ ನಡುವೆ ಕಪ್ಪಗೆ, ದಪ್ಪಗೆ ಏನೋ ಎದ್ದು ನಿಂತಿತ್ತು. ಯಾರದೋ ಎಮ್ಮೆ ಬಿದ್ದಿದೆ ಅಂತ ಓಡಿದೆ. ಎಮ್ಮೆ ಅಲ್ಲ. ನಾನೇ ಹಾಸಿದ್ದ 500 ಮೈಕ್ರಾನ್ ಪ್ಲಾಸ್ಟಿಕ್ ಶೀಟು. ಅಡಿಯಿಂದ ಒರತೆ ನೀರು ಒತ್ತಿ ಶೀಟು ಬಲೂನಿನ ಹಾಗೆ ಉಬ್ಬಿತ್ತು. ಅದರ ಮೇಲೆ ಹರಡಿದ್ದ ಮಣ್ಣು, ನೆಟ್ಟ ಗಿಡ ಎಲ್ಲ ಜಾರಿ ನಡುಗುಂಡಿ ಸೇರಿದ್ದವು. ಮಳೆಯಲ್ಲಿ ನಿಂತು ಸ್ವಲ್ಪ ಹೊತ್ತು ಸುಮ್ನೆ ನೋಡಿದೆ. ಮಾಡಲು ಬೇರೆ ಏನೂ ಇರಲಿಲ್ಲ.

ಇದು ಮೂರು ವರ್ಷದ ಹಿಂದಿನ ಮಾತು. ಈಗ ಆ ಹೊಂಡದ ಪಕ್ಕದಲ್ಲೇ, ಹಳೇ ಗದ್ದೆಯ ನೀರುಗಿಡಗಳಿಗೆ ಅಂತ ಮಾಡಿದ ಒಂದು ಜೌಗು ನಿಂತಿದೆ. ಅದನ್ನು ಹೇಗೆ ಮಾಡಿದೆ, ಎಲ್ಲೆಲ್ಲಿ ಎಡವಿದೆ ಅಂತ ಬರೆದಿಡುತ್ತಿದ್ದೇನೆ.

ನಮ್ಮ ಊರು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ, ಗದ್ದೆಯ ಕೊನೆಗೆ ಹಳ್ಳ. ಆ ಹಳ್ಳ ಮುಂದೆ ಹೇಮಾವತಿಗೆ ಸೇರುತ್ತದೆ. ಆಳು ಸಿಗದೆ ಒಂಬತ್ತು ವರ್ಷದಿಂದ ಗದ್ದೆ ಹಡ್ಲು ಬಿದ್ದಿತ್ತು, ಅಂದರೆ ಬೇಸಾಯ ಇಲ್ಲದೆ ಪಾಳು. ನಮ್ಮ ಕಡೆ ಸುಮಾರು ಮನೆಗಳದ್ದು ಇದೇ ಕತೆ. ಹಡ್ಲು ಬಿದ್ದ ಗದ್ದೆಗೆ ಮೊದಲು ಹುಲ್ಲು ಬರುತ್ತದೆ, ಆಮೇಲೆ ಲಂಟಾನ, ಆಮೇಲೆ ಅಡಿಕೆ ಸಸಿ.

ಆ ವರ್ಷ ಮೇ ತಿಂಗಳಲ್ಲಿ ಹಳ್ಳದಾಚೆಯ ಅಣ್ಣ ಒಬ್ಬರು ತಮ್ಮ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಹಾಕುವುದಾಗಿ ಹೇಳಿದರು. ಅವರ ಗದ್ದೆಯ ಕೆಳಮಡಿಯಲ್ಲಿ, ಅಂದರೆ ಬದು ಕಟ್ಟಿದ ಕೆಳಗಿನ ತಾಕಿನಲ್ಲಿ, ಪ್ರತಿ ವರ್ಷ ನಾನು ನೋಡುತ್ತಿದ್ದ ಗಿಡಗಳಿದ್ದವು. ಉದ್ದ ರಿಬ್ಬನ್ನಿನಂಥ ಎಲೆಯ ಕ್ರಿಪ್ಟೊಕೊರಿನ್ ಸ್ಪೈರಾಲಿಸ್. ನೀರಿನ ಮೇಲೆ ಎಲೆ ತೇಲಿಸಿ, ಎಲೆಗಳ ನಡುವೆ ಪುಟ್ಟ ಹೂದಂಡು ಎತ್ತುವ ಅಪೊನೊಜೆಟಾನ್ ನಟಾನ್ಸ್. ಗುಂಡುಸೂಜಿಯ ತಲೆಯಂಥ ಬಿಳಿ ಹೂವಿನ ಎರಿಯೊಕಾಲಾನ್. ನೀಲಿ ಹೂವಿನ ಯುಟ್ರಿಕುಲೇರಿಯ. ಈ ಕೊನೆಯದು ಹುಳ ಹಿಡಿದು ತಿನ್ನುವ ಗಿಡ. ಬೇರಿನಂಥ ಎಳೆಗಳಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳಿರುತ್ತವೆ. ಹುಳ ಮುಟ್ಟಿದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಒಳಗೆ ಎಳೆದುಕೊಳ್ಳುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇವೆಲ್ಲ ಪ್ರಪಂಚದಿಂದಲೇ ಮಾಯವಾಗುತ್ತಿರುವ ಗಿಡಗಳಲ್ಲ. ಸಾತಾರ ಕಡೆಯ ಅಪೊನೊಜೆಟಾನ್ ಸಾತಾರೆನ್ಸಿಸ್ ನಿಜಕ್ಕೂ ಅಳಿವಿನಂಚಿನ ಪಟ್ಟಿಯಲ್ಲಿದೆ, ನಮ್ಮೂರಿನ ನಟಾನ್ಸ್ ಇಲ್ಲ. ಆದರೆ ನಮ್ಮ ಹಳ್ಳದ ಎರಡೂ ದಡದಲ್ಲಿ ಹನ್ನೊಂದು ಮನೆಯ ಗದ್ದೆ ಇತ್ತು. ಈಗ ಭತ್ತ ನೆಡುವುದು ಎರಡೇ ಮನೆ. ನಮ್ಮ ಮಟ್ಟಿಗೆ ಲೆಕ್ಕ ಇಷ್ಟೇ. ಕಾನೂನಿನ ರಕ್ಷಣೆಯೂ ಇಲ್ಲಿಗೆ ಬರುವುದಿಲ್ಲ. ಜೌಗು ಪ್ರದೇಶ ಕಾಪಾಡಲು ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮದಲ್ಲಿ ಜೌಗು ಅಂದರೆ ಏನು ಅಂತ ಹೇಳುವಾಗಲೇ ಭತ್ತದ ಗದ್ದೆಯನ್ನು ಹೊರಗಿಟ್ಟಿದ್ದಾರೆ.

ಮಣ್ಣು ತುಂಬುವ ಲಾರಿ ಬರಲು ಒಂದು ವಾರ ಇತ್ತು. ಅಣ್ಣ, "ಏನು ಬೇಕೋ ತಗೊಂಡ್ ಹೋಗಪ್ಪ, ನಂಗೇನು" ಅಂದರು. ಗಡ್ಡೆ ಇರುವ ಕಡೆ ಗುದ್ದಲಿಯಲ್ಲಿ ಹೆಂಟೆ ಸಮೇತ ಎತ್ತಿ ಮಂಕರಿಗೆ ತುಂಬಿದೆವು. ಉಳಿದ ಮಡಿಯ ಮೇಲಿನ ಎರಡು ಇಂಚು ಮಣ್ಣನ್ನು ಕೆರೆದು ಗೊಬ್ಬರದ ಖಾಲಿ ಚೀಲಗಳಿಗೆ ತುಂಬಿದೆವು. ಒಟ್ಟು 40 ಚೀಲ. ಅಮ್ಮ ನೋಡಲು ಬಂದವಳು ಒಂದು ಗಡ್ಡೆ ಎತ್ತಿಕೊಂಡು, "ಇದನ್ನ ಕಳೆ ಅಂತ ಕಿತ್ತು ಕಿತ್ತು ನನ್ನ ಸೊಂಟ ಬಿದ್ದೋಯ್ತು. ಈಗ ನೀನು ನೆಡ್ತೀಯಾ?" ಅಂದಳು.

ನಿಜವಾದ ತಪ್ಪು ಅದಕ್ಕೂ ಮುಂಚೆ, ಏಪ್ರಿಲಿನಲ್ಲೇ ಆಗಿತ್ತು. ಜೌಗು ಮಾಡಬೇಕು ಅಂದರೆ ಗುಂಡಿ ತೋಡಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಜೆಸಿಬಿ ಕರೆಸಿ ಮೇಲಿನ ಮಡಿಯಲ್ಲಿ 24 ಅಡಿ ಉದ್ದ, 15 ಅಡಿ ಅಗಲ, ನಡುವೆ ಮೂರೂವರೆ ಅಡಿ ಆಳದ ಹೊಂಡ ತೆಗೆಸಿದೆ. ಅಂಚಿನಿಂದ ನಡುವಿಗೆ ಮೂರು ಮೆಟ್ಟಿಲು. ನೋಡಲು ಕಲ್ಯಾಣಿಯ ಹಾಗೆ ಚೆನ್ನಾಗಿತ್ತು. ಮೊದಲ ಹದ ಮಳೆಗೆ ನೀರು ತುಂಬಿತು, ಎರಡು ದಿನಕ್ಕೆ ಖಾಲಿ.

ಗದ್ದೆಯಲ್ಲಿ ನೀರು ಯಾಕೆ ನಿಲ್ಲುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ವರ್ಷ ವರ್ಷ ಕೆಸರು ಉತ್ತು, ತುಳಿದು, ಸುಮಾರು ಒಂದು ಗೇಣು ಕೆಳಗೆ ಮಣ್ಣು ಗಟ್ಟಿಯಾಗಿ ಒಂದು ಪದರ ಕೂತಿರುತ್ತದೆ. ನೀರು ಹಿಡಿಯುವುದು ಆ ಪದರ. ನಮ್ಮ ಅಜ್ಜ, ಮುತ್ತಜ್ಜ ಎತ್ತು ಕಟ್ಟಿ ಕೂರಿಸಿದ್ದ ಪದರವನ್ನು ನಾನು ಜೆಸಿಬಿಗೆ ಗಂಟೆ ಬಾಡಿಗೆ ಕೊಟ್ಟು ಒಡೆಸಿದ್ದೆ.

ಸೋರುತ್ತದೆ ಅಂತ ಶೀಟು ತಂದೆ. ಅಳತೆ ಹಾಕುವುದು ಸುಲಭ. ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಎರಡೂ ಬದಿಗೆ ಒಂದೂವರೆ ಅಡಿ ಮಡಿಕೆ ಸೇರಿಸಬೇಕು. 24 ಮತ್ತು 7 ಮತ್ತು 3, ಒಟ್ಟು 34 ಅಡಿ. ಅಗಲಕ್ಕೂ ಹಾಗೇ, 25 ಅಡಿ. ಬಯಲುಸೀಮೆಯ ಕೃಷಿ ಹೊಂಡಕ್ಕೆ ಈ ಲೆಕ್ಕ ಸರಿ. ನಮ್ಮಲ್ಲಿ ಮಳೆಗಾಲದಲ್ಲಿ ಗುಡ್ಡವೇ ಒಸರುತ್ತದೆ. ಹೊಂಡದ ಒಳಗಿನ ನೀರಿಗಿಂತ ಗುಡ್ಡದ ಕಡೆಯ ಒರತೆಯ ಮಟ್ಟ ಮೇಲಿತ್ತು. ಆ ನೀರಿಗೆ ಹೋಗಲು ಬೇರೆ ದಾರಿ ಇರಲಿಲ್ಲ, ಶೀಟನ್ನು ಎತ್ತಿತು. ಅಂಥ ಜಾಗದಲ್ಲಿ ಶೀಟು ಹಾಕಲೇಬೇಕು ಅಂದರೆ ಅಡಿಯಲ್ಲಿ ಜಲ್ಲಿ ಚರಂಡಿ ಮಾಡಿ ಒರತೆ ನೀರನ್ನು ಹೊರಗೆ ಬಿಡಬೇಕು. ನಾನು ಶೀಟನ್ನೇ ಕಿತ್ತು ಕಾಫಿ ಒಣಗಿಸಲು ಇಟ್ಟುಕೊಂಡೆ.

ಉಳಿದ ಗಿಡಗಳಿಗೆ ತುರ್ತು ಮನೆ ಬೇಕಿತ್ತು. ಬಾವಿಗೆ ಇಳಿಸುವ ಮೂರು ಅಡಿಯ ಸಿಮೆಂಟ್ ರಿಂಗು ನಾಲ್ಕು ತಂದು, ಅಡಿಗೆ ಗಾರೆ ಹಾಕಿ ತೊಟ್ಟಿ ಮಾಡಿದೆ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತದೆ ಅಂತ ಗೊತ್ತಿತ್ತು, ಅವಸರದಲ್ಲಿ ಮರೆತೆ. ಒಂದು ತೊಟ್ಟಿಗೆ ಹಾಕಿದ ಗಿಡಗಳ ಎಲೆ ಐದನೇ ದಿನ ಗಾಜಿನಂತೆ ತೆಳ್ಳಗಾಗಿ ಕರಗಿದವು. ಪೇಪರ್ ಅದ್ದಿ ನೋಡಿದರೆ ಪಿಎಚ್ 9 ದಾಟಿತ್ತು. ನಮ್ಮ ಹಳ್ಳದ ನೀರು ಏಳಕ್ಕಿಂತ ಕೆಳಗೆ. ಉಳಿದ ಮೂರಕ್ಕೆ ಬಾಳೆದಿಂಡು ಕತ್ತರಿಸಿ ಹಾಕಿ, ವಾರಕ್ಕೊಮ್ಮೆ ನೀರು ಚೆಲ್ಲಿ, ಮೂರು ಸಲ ಬದಲಾಯಿಸಿದ ಮೇಲೆ ಗಿಡ ಇಟ್ಟೆ.

ಎರಡನೇ ವರ್ಷ ಗುಂಡಿ ತೋಡಲು ಹೋಗಲೇ ಇಲ್ಲ. ಹೊಂಡದ ಕೆಳಗಿನ ಮಡಿ 60 ಅಡಿ ಉದ್ದ, 25 ಅಡಿ ಅಗಲ. ಅದರ ಪದರ ಹಾಗೇ ಇತ್ತು. ಒಂಬತ್ತು ವರ್ಷದ ಹುಲ್ಲು ಕೊಚ್ಚಿ ಹೊರಗೆ ಹಾಕಿದೆವು. ಟಿಲ್ಲರಿಗೆ ಕಬ್ಬಿಣದ ಚಕ್ರ ಹಾಕಿ, ನೀರು ನಿಲ್ಲಿಸಿ ಮೂರು ಸಲ ಕೆಸರು ಉಳುಮೆ ಮಾಡಿದೆವು. ಇಲಿ, ಏಡಿ ಮಾಡಿದ್ದ ತೂತುಗಳು ಅದರಲ್ಲೇ ಮುಚ್ಚಿಕೊಂಡವು. ಆಮೇಲೆ ಹಲಗೆ ಹೊಡೆದು, ಬೇಕಂತಲೇ ಸಮ ಮಾಡದೆ ಮೇಲಿನ ತುದಿಯಿಂದ ಕೆಳಗೆ ಇಳಿಜಾರು ಬಿಟ್ಟೆ. ನೀರು ತುಂಬಿದಾಗ ಮೇಲೆ ಮೂರು ಇಂಚು, ಕೆಳಗೆ ಒಂದೂವರೆ ಅಡಿ. ಮಟ್ಟ ನೋಡಲು ಗಾರೆಯವರ ಟ್ಯೂಬ್ ಲೆವೆಲ್ ಸಾಕು. ಕೆಳಗಿನ ಬದುವನ್ನು ಎರಡೂವರೆ ಅಡಿಗೆ ಏರಿಸಿದೆವು. ಅಂಚು ಕಡಿದು, ಕೆಸರು ಮೆತ್ತುವ ಕೆಲಸ ದೊಡ್ಡಪ್ಪ ಮಾಡಿದರು. ಎಪ್ಪತ್ತು ದಾಟಿದೆ, ಅವರು ಮೆತ್ತಿದ ಅಂಚಿನ ಮೇಲೆ ಇವತ್ತಿಗೂ ಬಿರುಕಿಲ್ಲ. ನಾನು ಮೆತ್ತಿದ್ದು ಎರಡು ಮಳೆಗೆ ಕಳಚಿತು.

ನೀರು ಏರಿಸಿ ಇಳಿಸುವ ವ್ಯವಸ್ಥೆಯೇ ಇಡೀ ಕೆಲಸದ ಜೀವ. ಗದ್ದೆಗೆ ಕಂಡಿ ಕಡಿದು, ಮುಚ್ಚಿ ಮಾಡುತ್ತಾರೆ. ನನಗೆ ಇಂಚಿನ ಲೆಕ್ಕದಲ್ಲಿ ಬೇಕಿತ್ತು. ಬದುವಿನ ಬುಡದಲ್ಲಿ ನಾಲ್ಕು ಇಂಚಿನ ಪಿವಿಸಿ ಪೈಪು ಅಡ್ಡ ಹೂತೆ. ಒಳತುದಿಗೆ ಮೊಣಕೈಯಂತೆ ಬಾಗಿದ ಒಂದು ಎಲ್‌ಬೋ, ಎಲ್‌ಬೋಗೆ 18 ಇಂಚಿನ ಪೈಪಿನ ತುಂಡು. ಎಲ್‌ಬೋಗೆ ಅಂಟು ಹಾಕಬಾರದು, ಗ್ರೀಸ್ ಸವರಿ ಬಿಗಿಯಾಗಿ ತೂರಿಸಬೇಕು. ತುಂಡನ್ನು ನೆಟ್ಟಗೆ ನಿಲ್ಲಿಸಿದರೆ ನೀರು 18 ಇಂಚಿನವರೆಗೆ ನಿಲ್ಲುತ್ತದೆ, ಜಾಸ್ತಿ ಬಂದದ್ದು ಬಾಯಿಂದ ಇಳಿದು ಹೊರಗೆ ಹೋಗುತ್ತದೆ. ಪಕ್ಕಕ್ಕೆ ಓರೆ ಮಾಡಿದಷ್ಟೂ ಮಟ್ಟ ಇಳಿಯುತ್ತದೆ. ಪೂರ್ತಿ ಮಲಗಿಸಿದರೆ ಮಡಿ ಖಾಲಿ. ಅರ್ಧ ಓರೆ ಅಂದರೆ 45 ಡಿಗ್ರಿಗೆ ನೀರು ಅರ್ಧ ಆಗುವುದಿಲ್ಲ, ಇನ್ನೂ 13 ಇಂಚು ಹತ್ತಿರ ಇರುತ್ತದೆ. ಅರ್ಧ ಆಗಬೇಕಾದರೆ ನೆಲದಿಂದ 30 ಡಿಗ್ರಿಯವರೆಗೆ ಮಲಗಿಸಬೇಕು. ನಾನು ಬಿದಿರು ಗೂಟ ನೆಟ್ಟು ಒಂದೊಂದು ಮಟ್ಟಕ್ಕೂ ಗೆರೆ ಹಾಕಿದ್ದೇನೆ. ಬಾಯಿಗೆ ಬಲೆ ಕಟ್ಟದಿದ್ದರೆ ಸಿಲ್ವರ್ ಓಕ್ ಮರದ ಎಲೆ ಹೋಗಿ ಕಟ್ಟಿಕೊಳ್ಳುತ್ತದೆ. ದೊಡ್ಡ ಮಳೆಗೆ ಒಂದು ಪೈಪು ಸಾಲದು, ಬದುವಿನ ಮೂಲೆಯಲ್ಲಿ ಕಲ್ಲು ಹಾಸಿ ಬೇರೆ ಕೋಡಿ ಬಿಟ್ಟಿದ್ದೇನೆ.

ಇಷ್ಟೆಲ್ಲ ಮಾಡಿ ಬದು ಒಡೆಯಿತು. ಅದೂ ಪೈಪಿನ ಪಕ್ಕದಲ್ಲೇ. ಪೈಪು ನುಣುಪು, ಮಣ್ಣು ಅದಕ್ಕೆ ಹಿಡಿಯುವುದಿಲ್ಲ. ಅದರ ಮೈ ಹಿಡಿದು ಮೊದಲು ದಾರದಷ್ಟು ನೀರು ಹೋಗುತ್ತದೆ, ಬೆಳಗಾಗುವಷ್ಟರಲ್ಲಿ ತೋಳಷ್ಟು ತೂತು. ಮತ್ತೆ ಕಟ್ಟುವಾಗ ಪೈಪಿನ ನಡುವೆ ಎರಡು ಕಡೆ ದಪ್ಪ ರಬ್ಬರ್ ಹಾಳೆಯನ್ನು ಕೊರಳಪಟ್ಟಿಯ ಹಾಗೆ ಹಾಕಿದೆ. ಸುತ್ತ ಕೆರೆಯ ಜೇಡಿಮಣ್ಣನ್ನು ನಾಲ್ಕು ನಾಲ್ಕು ಇಂಚಿನ ಪದರವಾಗಿ ಹಾಕಿ ಒನಕೆಯಲ್ಲಿ ಕುಟ್ಟಿದೆವು. ಆಮೇಲೆ ಸೋರಿಲ್ಲ. ಏಡಿ ಮಾತ್ರ ಬಿಡುವುದಿಲ್ಲ. ವಾರಕ್ಕೊಮ್ಮೆ ಬದು ನೋಡಲೇಬೇಕು. ಹಿಡಿದ ಏಡಿ ಸಾರಾಗುತ್ತದೆ, ಈ ಯೋಜನೆಯಲ್ಲಿ ಮನೆಯವರೆಲ್ಲ ಒಪ್ಪಿದ ಭಾಗ ಅದೊಂದೇ.

ಹಳೇ ಜೆಸಿಬಿ ಹೊಂಡವೂ ಕೆಲಸಕ್ಕೆ ಬಂತು. ಮಳೆಗಾಲದಲ್ಲಿ ಶೀಟಿಲ್ಲದೆಯೇ ಒರತೆಯಿಂದ ತುಂಬಿಕೊಳ್ಳುತ್ತದೆ. ತೋಟದಿಂದ ಇಳಿಯುವ ನೀರು ಮೊದಲು ಅಲ್ಲಿಗೆ ಬಂದು, ಗೋಡು ಕೂತು, ಆಮೇಲೆ ಮಡಿಗೆ ಹೋಗುವ ಹಾಗೆ ಮಾಡಿದೆ. ಅಂಚಿಗೆ ಕೆಸು, ಬಜೆ ನೆಟ್ಟೆ, ಗೊಬ್ಬರದ ಸಾರ ಅವು ಹೀರಲಿ ಅಂತ. ಬಜೆ ಅಂದರೆ ನಮ್ಮ ಅಜ್ಜಿಯರು ಮಗುವಿನ ನಾಲಿಗೆಗೆ ತೇಯ್ದು ಹಚ್ಚುತ್ತಿದ್ದ ಅದೇ ಬೇರು. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಅದನ್ನು ಗದ್ದೆಯಲ್ಲೇ ಬೆಳೆಯುತ್ತಾರೆ. ಜೊಂಡು ಹಾಕಲಿಲ್ಲ. ಅದು ಬಂದರೆ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ.

ಈ ಗಿಡಗಳಿಗೆ ಬಡ ಮಣ್ಣು ಬೇಕು. ಅದು ಕೈಗೆ ಹತ್ತಲು ನನಗೆ ಹೊತ್ತು ಹಿಡಿಯಿತು. ಗಿಡ ನೆಡುವಾಗ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕುವುದು ನಮಗೆ ರಕ್ತದಲ್ಲಿ ಬಂದದ್ದು. ತೊಟ್ಟಿಗೆ ಹಾಕಿದೆ, ಎರಡೇ ವಾರಕ್ಕೆ ಹಸಿರು ಕೂದಲಿನಂಥ ಪಾಚಿ ಕಟ್ಟಿ ಎಲೆಗಳನ್ನೆಲ್ಲ ಮುಚ್ಚಿತು. ಯುಟ್ರಿಕುಲೇರಿಯ ಹುಳ ಹಿಡಿಯುವುದೇ ಮಣ್ಣಿನಲ್ಲಿ ಸಿಗದ ಸಾರಕ್ಕಾಗಿ. ಸಾರ ಇದ್ದರೆ ಹುಲ್ಲು ಎತ್ತರ ಬಂದು ಅದನ್ನು ನೆರಳಲ್ಲೇ ಸಾಯಿಸುತ್ತದೆ. ಮಡಿಗೆ ಗೊಬ್ಬರ ಸೋಕಿಸಲಿಲ್ಲ. ತೋಟದ ಮನೆಯ ಹಿಂದೆ ಒಂದು ವರ್ಷ ಬಿದ್ದಿದ್ದ 40 ಚೀಲದ ಮಣ್ಣನ್ನು ಹಾಗೇ ತೆಳ್ಳಗೆ ಹರಡಿದೆ. ನೆಟ್ಟ ಗಿಡಕ್ಕಿಂತ ಆ ಮಣ್ಣೇ ಹೆಚ್ಚು ಕೊಟ್ಟಿತು. ಅದರಲ್ಲಿ ಎಷ್ಟೋ ವರ್ಷದ ಬೀಜ ಮಲಗಿತ್ತು. ಆಗಸ್ಟ್ ಹೊತ್ತಿಗೆ ಎರಿಯೊಕಾಲಾನ್, ನೀರು ಬ್ರಾಹ್ಮಿ, ಕೆಂಪು ಕಾಂಡದ ರೊಟಾಲ ಎಲ್ಲ ತಾವಾಗಿ ಎದ್ದವು. ನಾನು ನೋಡಿಯೇ ಇರದ ಎರಡು ಗಿಡಗಳೂ ಬಂದವು. ಅವುಗಳ ಹೆಸರು ಇನ್ನೂ ಹುಡುಕುತ್ತಿದ್ದೇನೆ.

ಮೈಲುತುತ್ತದ (ತಾಮ್ರದ ಸಲ್ಫೇಟ್) ಕತೆ ಹೇಳಲೇಬೇಕು, ಕಾಫಿ ತೋಟದ ಕೆಳಗೆ ಯಾರು ಇಂಥದ್ದು ಮಾಡಿದರೂ ಎದುರಾಗುತ್ತದೆ. ಮಳೆಗೆ ಮುಂಚೆ ತೋಟಕ್ಕೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸಂಜೆ ಡ್ರಮ್ಮು ತೊಳೆದದ್ದು ಹೊಂಡಕ್ಕೆ ಬರುವ ಕಾಲುವೆಯಲ್ಲಿ. ಎಲ್ಲಿ ತೊಳೆಯಬೇಕು ಅಂತ ನಾನು ಆಳುಗಳಿಗೆ ಹೇಳಿರಲೇ ಇಲ್ಲ. ಎರಡು ದಿನಕ್ಕೆ ಬಸವನಹುಳುಗಳೆಲ್ಲ ಬಾಯಿ ತೆರೆದು ತೇಲಿದವು. ತಾಮ್ರ ಅವಕ್ಕೆ ವಿಷ. ಅವೇ ಎಲೆ ಮೇಲಿನ ಪಾಚಿ ಮೇಯುತ್ತಿದ್ದವು. ಈಗ ಡ್ರಮ್ಮು ತೊಳೆಯಲು ಮೇಲೆ ಬೇರೆ ಗುಂಡಿ ಇದೆ. ಹೊಡೆದ ಮೇಲಿನ ಮೊದಲ ಮಳೆಯ ನೀರನ್ನು ಮಡಿಗೆ ಬಿಡದೆ ಹಳ್ಳದ ಬದಿಯ ಹುಲ್ಲಿಗೆ ತಿರುಗಿಸುತ್ತೇನೆ.

ಆ ವರ್ಷ ಎಲ್ಲ ಚೆನ್ನಾಗಿದೆ ಅಂತ ಬೇಸಿಗೆಯಲ್ಲೂ ನೀರು ಇಳಿಸಲಿಲ್ಲ. ಒಣಗಿದರೆ ಸಾಯುತ್ತವೆ ಅನ್ನುವ ಭಯ. ಬಾವಿಯಿಂದ ಪಂಪು ಹಾಕಿ ಏಪ್ರಿಲ್‌ವರೆಗೂ ತುಂಬಿಸಿದೆ. ಕ್ರಿಪ್ಟೊಕೊರಿನ್ ಎಲೆ ಬಿಟ್ಟಿತೇ ಹೊರತು ಹೂ ಇಲ್ಲ. ಅಪೊನೊಜೆಟಾನ್ ಗಡ್ಡೆ ಎತ್ತಿ ನೋಡಿದರೆ ಅರ್ಧದಷ್ಟು ಮೆತ್ತಗಾಗಿ ನಾರುತ್ತಿದ್ದವು. ದೊಡ್ಡಪ್ಪ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅಲ್ಲ ಕಣೋ, ತೆನೆ ಬಲಿತ ಮೇಲೂ ಯಾವನಾದ್ರೂ ಗದ್ದೇಲಿ ನೀರು ಇಟ್ಕೋತಾನೇನೋ?" ಅಂದರು.

ಅಷ್ಟೇ ವಿಷಯ. ಈ ಗಿಡಗಳು ಭತ್ತದ ಜೊತೆ ಬಾಳಿದವು. ಮಳೆಗೆ ನೀರು ಏರುತ್ತದೆ, ಕೊಯ್ಲಿಗೆ ಮುಂಚೆ ಇಳಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಗಡ್ಡೆ ಆಗ ಮಲಗುತ್ತದೆ. ಕ್ರಿಪ್ಟೊಕೊರಿನ್ ಹೂ ಎತ್ತುವುದೇ ನೀರು ಇಳಿಯತೊಡಗಿದ ಮೇಲೆ. ನಾನು ಎರಡು ವರ್ಷ ನೀರು ಹಿಡಿದಿಡುವುದರಲ್ಲೇ ಇದ್ದೆ.

ಮೂರನೇ ವರ್ಷದಿಂದ ಪೈಪಿನ ತುಂಡು ಭತ್ತದ ಕ್ಯಾಲೆಂಡರಿನ ಪ್ರಕಾರ ತಿರುಗುತ್ತದೆ. ಆರಿದ್ರಾ ಹೊತ್ತಿಗೆ ನೆಟ್ಟಗೆ. ಚಿತ್ತ ಮಳೆ ಮುಗಿದ ಮೇಲೆ ವಾರಕ್ಕೆ ಒಂದು ಇಂಚು ಇಳಿಕೆ. ಡಿಸೆಂಬರ್ ಕೊನೆಗೆ ಮೇಲಿನ ಅರ್ಧ ಬರೀ ಕೆಸರು, ಕೆಳಗಿನ ಮೂಲೆಯಲ್ಲಿ ಮಾತ್ರ ಮೊಣಕಾಲಿಗಿಂತ ಕೆಳಗೆ ನೀರು. ಫೆಬ್ರವರಿಯಲ್ಲಿ ಪೂರ್ತಿ ಮಲಗಿಸುತ್ತೇನೆ. ಮೂಲೆಯ ಒಂದು ಕುಣಿಯಲ್ಲಿ ಮೀನಿಗೆ ಅಂತ ನೀರು ಉಳಿಯುತ್ತದೆ. ಸೊಳ್ಳೆ ಬರುತ್ತದೆ ಅಂತ ಮನೆಯಲ್ಲಿ ಗಲಾಟೆ ಆದಾಗ ಹಳ್ಳದಿಂದಲೇ ತಂದು ಬಿಟ್ಟ, ನೆತ್ತಿಯ ಮೇಲೆ ಬಿಳಿ ಚುಕ್ಕಿ ಇರುವ ಸಣ್ಣ ಮೀನು ಅದು. ಗಪ್ಪಿ ಬಿಡಿ ಅಂತ ಸುಮಾರು ಜನ ಹೇಳಿದರು. ಹೊರಗಿನ ಮೀನು ಹಳ್ಳಕ್ಕೆ ಇಳಿದರೆ ವಾಪಸ್ ಕರೆಯಲು ಆಗುವುದಿಲ್ಲ, ಅಲ್ವಾ? ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದಾಗ ಮಾತ್ರ ತಲೆನೋವು. ಕಾಫಿಯ ಜೊತೆ ಗಡ್ಡೆಗಳೂ ಎಚ್ಚರಾಗಿ ಚಿಗುರುತ್ತವೆ, ಮತ್ತೆ ಬಿಸಿಲಿಗೆ ಬಾಡುತ್ತವೆ. ಒಣ ಹುಲ್ಲು ಹೊದೆಸಿದ್ದೇನೆ. ಈ ವರ್ಷ ಹೆಚ್ಚಿನವು ಎರಡನೇ ಸಲ ಚಿಗುರಿದವು.

ಕಾಡುಹಂದಿ ಒಂದು ರಾತ್ರಿ ಮೇಲಿನ ತುದಿಯನ್ನು ಉತ್ತು ಹಾಕಿತ್ತು. ಈಗ ಗಡ್ಡೆ ಇರುವ ಕಡೆ ಹಳೇ ಚೈನ್‌ಲಿಂಕ್ ಬೇಲಿಯನ್ನು ಮಣ್ಣಿನ ಮೇಲೆ ಮಲಗಿಸಿ ಗೂಟ ಹೊಡೆದಿದ್ದೇನೆ. ಗಿಡ ಬೇಲಿಯ ಕಣ್ಣುಗಳಿಂದ ಮೇಲೆ ಬರುತ್ತದೆ, ಹಂದಿಯ ಮೂತಿ ಒಳಗೆ ಹೋಗುವುದಿಲ್ಲ. ಆನೆಗೆ ಅಂಥ ಉಪಾಯ ಇಲ್ಲ. ನವೆಂಬರಿನಲ್ಲಿ ಒಂದು ಆನೆ ಮಡಿಯ ನಡುವೆಯೇ ದಾಟಿ ಹೋಯಿತು, ಬದು ಎರಡು ಕಡೆ ಕುಸಿಯಿತು. ಕೆಸರಿನಲ್ಲಿ ಬಾಂಡ್ಲಿ ಅಗಲದ ಹೆಜ್ಜೆ ಕುಳಿಗಳು ಉಳಿದವು. ಮುಚ್ಚೋಣ ಅಂದುಕೊಂಡೆ, ಸೋಮಾರಿತನಕ್ಕೆ ಬಿಟ್ಟೆ. ಮುಂದಿನ ಮಳೆಗೆ ಎರಿಯೊಕಾಲಾನ್ ಸಸಿ ಎಲ್ಲಕ್ಕಿಂತ ಒತ್ತಾಗಿ ಬಂದದ್ದು ಆ ಕುಳಿಗಳ ಅಂಚಿನಲ್ಲಿ.

ಎಲ್ಲವನ್ನೂ ಹೀಗೆ ಬೆಳೆಸಲು ಆಗುವುದಿಲ್ಲ. ಹೇಮಾವತಿಯ ರಭಸದ ಬಂಡೆಗಳಿಗೆ ಪಾಚಿಯ ಹಾಗೆ ಅಂಟಿಕೊಂಡಿರುವ ಪೊಡೊಸ್ಟೆಮೇಸಿ ಕುಟುಂಬದ ಹೂಗಿಡಗಳಿಗೆ ನನ್ನ ನಿಂತ ನೀರು ಪ್ರಯೋಜನವಿಲ್ಲ. ಹಬ್ಬಾರ್ಡಿಯ ಅನ್ನುವ ಪುಟ್ಟ ಹುಲ್ಲನ್ನು 1919ರಲ್ಲಿ ಜೋಗದ ಹತ್ತಿರ ಸಂಗ್ರಹಿಸಿದ್ದರು. ಆಮೇಲೆ ಅದು ಕಾಣದೆ, ಅಳಿದೇ ಹೋಯಿತು ಅಂದುಕೊಂಡಿದ್ದರು. 2002ರಲ್ಲಿ ಮಹಾರಾಷ್ಟ್ರದ ತಿಲ್ಲಾರಿ ಘಾಟಿಯಲ್ಲಿ ಮತ್ತೆ ಸಿಕ್ಕಿತು. ಅದಕ್ಕೆ ಜಲಪಾತದ ಪಕ್ಕದ ತೊಟ್ಟಿಕ್ಕುವ ಬಂಡೆಯೇ ಬೇಕು. ಅಂಥವನ್ನು ಆಸೆಗೆ ಕಿತ್ತು ತಂದರೆ ಗಿಡವೂ ಹೋಗುತ್ತದೆ, ಜಾಗವೂ ಹೋಗುತ್ತದೆ. ಮೀಸಲು ಅರಣ್ಯದಿಂದ ಕೀಳುವುದು ಕಾನೂನಿನ ಪ್ರಕಾರವೂ ತಪ್ಪು. ನಾನು ತಂದದ್ದೆಲ್ಲ ನಮ್ಮ ಹಳ್ಳದ ಎರಡು ದಡದ್ದು. ಬಿಸಿಲೆ ಘಾಟಿ ಇಳಿದರೆ ನೀರು ಪಡುವಣ ಸಮುದ್ರಕ್ಕೆ ಹರಿಯುತ್ತದೆ, ನಮ್ಮದು ಕಾವೇರಿಗೆ. ಆ ಕಡೆಯ ಗಿಡ ಈ ಕಡೆಗೆ ತರುವುದಿಲ್ಲ. ಅಕ್ವೇರಿಯಂ ಅಂಗಡಿಯ ಗಿಡವಂತೂ ಬೇಡವೇ ಬೇಡ, ಅದರ ಜೊತೆ ನೀರಿನ ಮೇಲೆ ತೇಲಿ ಹಬ್ಬುವ ಸಾಲ್ವಿನಿಯ ಕಳೆಯ ಒಂದು ಚೂರು ಬಂದರೂ ಮಡಿ ಮುಗಿಯಿತು.

ಕಳೆದ ಡಿಸೆಂಬರಿನ ಎರಡನೇ ವಾರ. ನೀರು ಇಳಿದು ಮೇಲಿನ ತುದಿಯ ಕೆಸರು ಹೊಳೆಯುತ್ತಿತ್ತು. ಎಲೆಗಳ ಬುಡದಲ್ಲಿ ಕಡುನೇರಳೆ ಬಣ್ಣದ, ನಾಲಿಗೆಯ ಹಾಗೆ ಚಾಚಿದ, ಮೈಮೇಲೆ ಅಡ್ಡ ಗೆರೆ ಇರುವ ಒಂದು ಹೂ ಕಂಡಿತು. ಕ್ರಿಪ್ಟೊಕೊರಿನ್ ಅನ್ನುವ ಗ್ರೀಕ್ ಹೆಸರಿಗೆ ಅಡಗಿದ ಗದೆ ಅಂತ ಅರ್ಥ. ನಿಜವಾದ ಹೂಗಳು ಕೆಳಗಿನ ಗಡಿಗೆಯಂಥ ಭಾಗದಲ್ಲಿ ಅಡಗಿರುತ್ತವೆ. ಪುಟ್ಟ ನೊಣಗಳು ಅಲ್ಲಿಗೆ ಇಳಿದು ಸಿಕ್ಕಿಕೊಳ್ಳುತ್ತವೆ, ಪರಾಗ ಮೆತ್ತಿಕೊಂಡು ಹೊರಗೆ ಬರುತ್ತವೆ. ಕೆಸರಲ್ಲಿ ಬಗ್ಗಿ ಒಂದೊಂದೇ ಎಣಿಸಿದೆ. ಏಳು. ಕೂಗಿ ಅಮ್ಮನನ್ನು ಕರೆದೆ. ಅವಳು ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿ, "ಎಂಟು" ಅಂದಳು. "ಕಾಲು ಎತ್ತು, ನಿನ್ನ ಕಾಲಡಿ ಒಂದಿದೆ."